ಕಲೆ ಇರಲಿ

ನನ್ನ ಗಂಡ ಓಬಯ್ಯನವರ ಪಟ ಈಗ ನಮ್ಮ ಮನೆಯಲ್ಲಿಲ್ಲ. ಮೂರು ಬೀದಿ ದಾಟಿದರೆ ಸಿಗುವ ಮಾರಕ್ಕನ ಮನೆಯ ನಡುಮನೆಯಲ್ಲಿದೆ. ಅಲ್ಲಿ ಅವರ ಹೆಸರು ಹಾಲಪ್ಪ. ಬೆಳಿಗ್ಗೆ ಮಾರಕ್ಕ ಪಟದ ಗಾಜು ಒರೆಸುತ್ತಾ "ಲೋ ಹಾಲಪ್ಪ, ಎದ್ದೇನೋ" ಎಂದು ಕೇಳುವುದು ಬೀದಿಗೂ ಕೇಳಿಸುತ್ತದೆ. ನೀರಿಗೆ ಹೋಗುವಾಗ ನಾನು ಆ ಬೀದಿ ತಪ್ಪಿಸಿ ಸುತ್ತು ಹಾಕಿಕೊಂಡು ಹೋಗುತ್ತೇನೆ. ಅವಳೇನೂ ಕದ್ದವಳಲ್ಲ, ಕೊಟ್ಟವಳು ನಾನೇ, ಹಾಗಾಗಿ ಯಾರ ಮೇಲೂ ಹರಿಹಾಯುವಂತಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ಗಾದೆ ಕಟ್ಟಿದವರು ಮಹಾರಾಯರನ್ನು ಮಾತ್ರ ಹೇಳಿದರು. ಹೆಂಗಸರೂ ಉಣ್ಣುತ್ತೇವೆ.

ನಾನು ಹುಟ್ಟಿದ ಊರು ಬೇರೆ, ಇದು ಕೊಟ್ಟ ಊರು. ಗುಡ್ಡ ಒಡೆದು ಸುಣ್ಣದ ಕಲ್ಲು ತರುವುದು, ಭಟ್ಟಿಯಲ್ಲಿ ಸುಡುವುದು, ಗುಂಡಿಗೆ ಹಾಕಿ ನೀರು ಹೊಯ್ದು ಅರಳಿಸುವುದು, ಇಷ್ಟೇ ಇಲ್ಲಿಯ ಕಸುಬು. ಮನೆ, ಮರ, ಕಾಗೆ ಎಲ್ಲದರ ಮೇಲೂ ಬಿಳಿ ಪುಡಿ ಕೂತಿರುತ್ತದೆ. ಇಲ್ಲಿ ಗಂಡಸು ಸತ್ತರೆ ಹನ್ನೊಂದನೇ ದಿನ ಬೆಳಿಗ್ಗೆ ಅವನ ಮುಖ ಹೋಗುತ್ತದೆ. ಪಟಗಳಿಂದಲೂ ಹೋಗುತ್ತದೆ, ಜನರ ನೆನಪಿನಿಂದಲೂ ಹೋಗುತ್ತದೆ. ದನಿ ಉಳಿಯುತ್ತದೆ, ನಡಿಗೆ ಉಳಿಯುತ್ತದೆ, ಉಪ್ಪು ಕಡಿಮೆಯಾದರೆ ತಟ್ಟೆ ಸರಿಸುತ್ತಿದ್ದ ರೀತಿ ಉಳಿಯುತ್ತದೆ, ಮುಖ ಮಾತ್ರ ಇರುವುದಿಲ್ಲ. ಹೆಂಗಸರ ಮುಖ ಹೋಗುವುದಿಲ್ಲ. ಯಾಕೆ ಎಂದು ಹೊಸದಾಗಿ ಬಂದಾಗ ನಮ್ಮತ್ತೆ ಪಾಲಮ್ಮನನ್ನು ಕೇಳಿದ್ದೆ. "ಹೆಂಗಸರ ಮುಖನ ಬದುಕಿದ್ದಾಗ್ಲೇ ಯಾರೂ ನೆಟ್ಟಗೆ ನೋಡಿರಾಕಿಲ್ಲ, ಇನ್ನು ಹೋಗಾದೇನು ಬಂತು?" ಎಂದಳು.

ಮುಖ ಹೋಗುವ ಊರಿನಲ್ಲಿ ಅಂಗಿ ತೊಟ್ಟ ಪಟದಿಂದ ಏನು ಪ್ರಯೋಜನ? ಅಂಗಿ ಎಲ್ಲರದೂ ಒಂದೇ, ಸಂತೆಯಲ್ಲಿ ಒಂದೇ ಥಾನಿನಿಂದ ಹರಿದದ್ದು. ಹಾಗಾಗಿ ಇಲ್ಲಿ ಮದುವೆಯಾದ ಗಂಡಸರು ಒಂದಲ್ಲ ಒಂದು ದಿನ ಸ್ಟುಡಿಯೋಗೆ ಹೋಗಿ, ಮೈಮೇಲೆ ನೂಲೆಳೆಯೂ ಇಲ್ಲದೆ ಒಂದು ಪಟ ತೆಗೆಸಿಕೊಳ್ಳುತ್ತಾರೆ. ಅದಕ್ಕೆ ಗುರುತಿನ ಪಟ ಎಂದು ಹೆಸರು. ದೇವರ ಪಟಗಳ ಪಕ್ಕದಲ್ಲೇ ಅದಕ್ಕೂ ಮೊಳೆ. ಗಂಡಸು ಸತ್ತ ಹನ್ನೆರಡನೇ ದಿನ ಕೂಗುವ ದಿನ. ಅವತ್ತು ಹೆಂಡತಿ ಆ ಪಟದ ಮುಂದೆ ನಿಂತು, ತನಗೆ ಗೊತ್ತಿರುವ ಒಂದು ಗುರುತಿನ ಮೇಲೆ ಬೆರಳಿಟ್ಟು, ಗಂಡನನ್ನು ಹೆಸರು ಹಿಡಿದು ಏಕವಚನದಲ್ಲಿ ಮೂರು ಸಲ ಕರೆಯಬೇಕು. ಕರೆದರೆ ಅವನು ಮನೆಯವನಾಗಿಯೇ ಉಳಿಯುತ್ತಾನೆ, ಮುಂದೆಯೂ ಅವನು, ಇವನು ಎಂದೇ ಮಾತು. ಕರೆಯಲಾಗದಿದ್ದರೆ ಅವತ್ತಿನಿಂದ ಅವರು, ಇವರು. ಮುಖವೂ ಗೊತ್ತಿಲ್ಲ, ಮೈಯೂ ಗೊತ್ತಿಲ್ಲ ಎಂದ ಮೇಲೆ ಪರರೇ ತಾನೆ, ಪರರನ್ನು ಏಕವಚನದಲ್ಲಿ ಕರೆಯುವುದು ಮರ್ಯಾದೆಯಲ್ಲ ಎನ್ನುತ್ತಾರೆ. ನಾನು ನನ್ನ ಗಂಡನನ್ನು ಬಹುವಚನದಲ್ಲಿ ಹೇಳುತ್ತಿರುವುದನ್ನು ನೀವು ಗಮನಿಸಿರಬಹುದು. ಅದು ಗೌರವವಲ್ಲ.

ಮದುವೆಯಾಗಿ ಬಂದ ದಿನ ನಡುಮನೆಯ ಗೋಡೆಯಲ್ಲಿ ನಮ್ಮ ಮಾವನ ಗುರುತಿನ ಪಟ ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟಿದ್ದೆ. ಒಂದು ಕಾಲನ್ನು ಕಲ್ಲಿನ ಮೇಲಿಟ್ಟು, ಕೈಗಳನ್ನು ಇಳಿಬಿಟ್ಟು, ಹುಟ್ಟಿದ ಹಾಗೆ ನಿಂತ ಗಂಡಸು, ಕತ್ತಿನ ಮೇಲೆ ಬರೀ ಗೋಡೆ. ಹೊಸ ಸೊಸೆ, ಸೆರಗು ಹೊದ್ದು ತಲೆ ತಗ್ಗಿಸಿದೆ. ಪಾಲಮ್ಮ ಗಲ್ಲ ಹಿಡಿದು ಎತ್ತಿದಳು. "ಯಾಕೆ ತಲೆ ಬಗ್ಗಿಸ್ತೀಯೆ? ನಿಮ್ಮಾವ ಕಚ್ಚಾಕಿಲ್ಲ. ನೋಡು. ಮೊದ್ಲು ಹಿಮ್ಮಡಿ ನೋಡು, ಅಲ್ಲಿಂದ ಮ್ಯಾಕೆ ಬಾ" ಎಂದಳು. ಈ ಊರಿನಲ್ಲಿ ಪಟವನ್ನು ಹಿಮ್ಮಡಿಯಿಂದ ನೋಡುವುದು ಕ್ರಮ. "ಹಿಮ್ಮಡಿ ಒಡೆದೈತಲ್ಲ, ಅದು ಭಟ್ಟಿ ಕಟ್ಟಿದ ವರ್ಷದ್ದು. ಮೊಣಕಾಲ ತಾವ ಗಂಟು ಕಾಣ್ತೈತಾ, ಅದು ಎತ್ತು ಒದ್ದಿದ್ದು. ಪಕ್ಕೆ ಎಲುಬು ಒಂದೊಂದೇ ಎಣಿಸ್ಬೌದು ನೋಡು, ಆ ವರ್ಷ ಕಾಳಿರ್ಲಿಲ್ಲ, ನಮಗೆಲ್ಲ ಇಕ್ಕಿ ಇವ್ನು ನೀರು ಕುಡಿದು ಮಲಗ್ತಿದ್ದ. ಈಗ ಹೇಳು, ಮುಖ ಯಾಕೆ ಬೇಕು?" ಎಂದು ಕೇಳಿದಳು. ನನಗೆ ನಾಚಿಕೆ ಯಾವಾಗ ಹೋಯಿತೋ ತಿಳಿಯಲಿಲ್ಲ. ಕಣ್ಣು ತುಂಬಿಕೊಂಡಿತ್ತು.

ಅಂದಿನಿಂದ ನೋಡುವುದನ್ನು ಕಲಿತೆ. ಈ ಊರಿನಲ್ಲಿ ಯಾರ ಮನೆಗೆ ಹೋದರೂ ಕಾಲು ತೊಳೆದು ಒಳಗೆ ಬಂದವರು ಮೊದಲು ಗುರುತಿನ ಪಟದ ಮುಂದೆ ನಿಲ್ಲುತ್ತಾರೆ. ಹೋಟೆಲಿನ ಬೆಂಚಿನ ಮೇಲೆ ಕೂತ ಮುದುಕರು ರಾಗಿಯ ಬೆಲೆ ಮಾತಾಡಿದಷ್ಟೇ ಸಲೀಸಾಗಿ, ಇಂಥವನ ಪಟದಲ್ಲಿ ಬೆಳಕು ಬೆನ್ನಹುರಿಯ ಒಳಕ್ಕೆ ಇಳಿದಿಲ್ಲ, ಇಂಥವನು ಹೆಗಲು ಬಿಗಿಹಿಡಿದು ಕೆಡಿಸಿಕೊಂಡ ಎಂದು ಮಾತಾಡುತ್ತಾರೆ. ಚೇಷ್ಟೆಯ ಮಾತು ಕೇಳಿದ್ದೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹೆಂಗಸರು ನಾವು ನಾಲ್ಕು ಜನ ಸೇರಿದರೆ ನಗುತ್ತಿದ್ದೆವು. ಆದರೆ ಪಟದ ಮುಂದೆ ನಿಂತಾಗ ನಗು ತಾನಾಗಿ ನಿಲ್ಲುತ್ತಿತ್ತು. ಬಟ್ಟೆಯಿಲ್ಲದೆ ನಿಂತ ಗಂಡಸು ಎಷ್ಟು ದುಡಿದವನು, ಎಷ್ಟು ಹೆದರಿದವನು ಎಂಬುದನ್ನು ಮುಚ್ಚಿಡುವುದಕ್ಕೆ ಅವನಿಗೆ ಜಾಗವೇ ಇರುವುದಿಲ್ಲ. ಅಂಥದ್ದನ್ನು ನೋಡಿ ಎಷ್ಟು ಹೊತ್ತು ನಗಲಾದೀತು?

ನನ್ನ ಕಣ್ಣು ಚುರುಕು, ಕೈ ನಡುಗುತ್ತಿರಲಿಲ್ಲ. ಊರಿನ ಒಂದೇ ಸ್ಟುಡಿಯೋದ ರುದ್ರಪ್ಪಣ್ಣ ನನ್ನನ್ನು ಟಚಿಂಗ್ ಕೆಲಸಕ್ಕೆ ಸೇರಿಸಿಕೊಂಡ. ನೆಗೆಟಿವ್ ಅನ್ನು ಇಳಿಜಾರು ಗಾಜಿನ ಮೇಲಿಟ್ಟು, ಕೆಳಗಿನಿಂದ ಬೆಳಕು ಬಿಟ್ಟು, ಬೇಡದ್ದನ್ನು ತೆಗೆಯುವುದು. ಪಟದಲ್ಲಿ ಕಪ್ಪಾಗಿ ಬರುವ ಕಲೆಗೆ ಪೆನ್ಸಿಲ್, ಬೆಳ್ಳಗೆ ಬರುವ ಕಲೆಗೆ ಬ್ಲೇಡು. ಪೆನ್ಸಿಲ್ ಹಚ್ಚಿದ್ದನ್ನು, ಮೇಲೆ ವಾರ್ನಿಷ್ ಬೀಳುವವರೆಗೆ, ಒರೆಸಬಹುದು. ಬ್ಲೇಡಿನಲ್ಲಿ ಕೆರೆದದ್ದು ಹೋದದ್ದೇ. ಹೆಣ್ಣು ನೋಡುವವರಿಗೆ ಕಳಿಸುವ ಪಟಗಳಲ್ಲಿ ನಾನು ಸಿಡುಬಿನ ಕುಳಿ ತುಂಬಿದ್ದೇನೆ, ಮಾಲುಗಣ್ಣು ನೆಟ್ಟಗೆ ಮಾಡಿದ್ದೇನೆ. ಗುರುತಿನ ಪಟಕ್ಕೆ ಮಾತ್ರ ಬೇರೆ ಕಟ್ಟಳೆ. ಗಾಜಿನ ಮೇಲೆ ಕೂತ ಧೂಳಿನ ಚುಕ್ಕೆ ತೆಗೆಯಬಹುದು, ಮೈಯ ಮೇಲಿನದನ್ನು ಮುಟ್ಟುವಂತಿಲ್ಲ. ಹತ್ತು ವರ್ಷ ಊರ ಗಂಡಸರ ಮೈಯೆಲ್ಲ ನನ್ನ ಕಣ್ಣ ಕೆಳಗೆ ಹಾದುಹೋಯಿತು, ಕಟ್ಟಳೆ ಮುರಿದಿರಲಿಲ್ಲ.

ನನ್ನ ಗಂಡನಿಗೆ ನಲವತ್ತು ತುಂಬಿದರೂ ಗುರುತಿನ ಪಟ ಆಗಿರಲಿಲ್ಲ. ಭಟ್ಟಿಯಲ್ಲಿ ನಾಲ್ಕಾಳಿನ ಕೆಲಸ ಮಾಡುವವರು ಅಂಗಿ ಬಿಚ್ಚುವುದೆಂದರೆ ಹಿಡಿಯಷ್ಟಾಗುತ್ತಿದ್ದರು. "ಎಂಥಾ ಗಂಡ್ಸೋ ನೀನು, ನಿಮ್ಮಪ್ಪ ಇಪ್ಪತ್ತಾರಕ್ಕೇ ತೆಗೆಸ್ಕಂಡ" ಎಂದು ಪಾಲಮ್ಮ ಬೈಯುತ್ತಿದ್ದಳು. "ನಾನೇನು ಇವತ್ತೇ ಸಾಯ್ತೀನೇನವ್ವಾ" ಎಂದು ಅವರು ಜಾರಿಕೊಳ್ಳುತ್ತಿದ್ದರು. ಅವರ ಮೈಮೇಲೆ ಗುರುತಿಗೇನೂ ಬರವಿರಲಿಲ್ಲ. ಮದುವೆಯಾದ ಎರಡನೇ ವರ್ಷ ನಾನು ಬುತ್ತಿ ಹೊತ್ತುಕೊಂಡು ಭಟ್ಟಿಗೆ ಹೋಗಿದ್ದಾಗ, ಸುಣ್ಣ ಅರಳುತ್ತಿದ್ದ ಗುಂಡಿಗೆ ಯಾರೋ ದೊಡ್ಡ ಕಲ್ಲು ಉರುಳಿಸಿದರು. ಗುಂಡಿ ಕುದಿದು ಚಿಮ್ಮಿತು. ಅವರು ನನ್ನನ್ನು ತಬ್ಬಿ ಅದಕ್ಕೆ ಬೆನ್ನು ಕೊಟ್ಟು ನಿಂತರು. ನನ್ನ ಸೆರಗಿಗೆ ಎರಡು ತೂತು ಬಿದ್ದದ್ದು ಬಿಟ್ಟರೆ ನನಗೇನೂ ಆಗಲಿಲ್ಲ. ಅವರ ಎಡ ಹೆಗಲಿನ ಕೆಳಗೆ ಅಂಗೈಯಗಲ ಬೆಂದುಹೋಯಿತು. ನಲವತ್ತು ದಿನ ಬೆಣ್ಣೆ ಹಚ್ಚಿದೆ. ಅವರು ಗೋಡೆಯ ಕಡೆ ತಿರುಗಿ ಮಲಗಿ "ಮೆತ್ತಗೆ, ಮೆತ್ತಗೆ" ಎನ್ನುತ್ತಿದ್ದರು. ನಾನು ನೋಡಲಾರದೆ ಬೇರೆ ಕಡೆ ಮುಖ ತಿರುಗಿಸಿಕೊಂಡು, ಬರೀ ಅಂಗೈಯ ಅಂದಾಜಿನಲ್ಲಿ ಹಚ್ಚುತ್ತಿದ್ದೆ. ವಾಸಿಯಾದ ಮೇಲೆ ಅಲ್ಲಿ ಉಬ್ಬುಬ್ಬಾದ ಬಿಳಿ ಕಲೆ ಉಳಿಯಿತು.

ಹೀಗಿರುವಾಗ ದೂರದ ಪಟ್ಟಣದ ಒಂದು ಚಿತ್ರಶಾಲೆಯಿಂದ ರುದ್ರಪ್ಪಣ್ಣನಿಗೆ ಕಾಗದ ಬಂತು. ಗಂಡಸಿನ ಬರಿಮೈಯನ್ನು ನಾಚದೆ, ಹೇಸದೆ, ಕಣ್ತುಂಬ ನೋಡಬಲ್ಲ ಊರು ನಿಮ್ಮದೊಂದೇ ಎಂದು ಕೇಳಿದ್ದೇವೆ, ನಿಮ್ಮ ಒಂದು ಪಟವನ್ನು ನಮ್ಮಲ್ಲಿ ತೂಗುಹಾಕುವ ಆಸೆ, ಆದರೆ ಅದರಲ್ಲಿ ಕಲೆ ಇರಬೇಕು ಎಂದು ಬರೆದಿದ್ದರು. ರುದ್ರಪ್ಪಣ್ಣ ಸ್ಟುಡಿಯೋದ ಜಗಲಿಯ ಮೇಲೆ ನಿಂತು ಓದಿದಾಗ ಜನ ಹೊಟ್ಟೆ ಹಿಡಿದು ನಕ್ಕರು. "ಕಲೆಗೇನು ಬರಗಾಲ? ನಮ್ಮ ಮೈತುಂಬಾ ಅದೇ ಅಲ್ವಾ ಇರಾದು" ಎಂದು ಭಟ್ಟಿಯವರು ತೋಳು ತೋರಿಸಿದರು. ರುದ್ರಪ್ಪಣ್ಣ ಹಣೆ ಚಚ್ಚಿಕೊಂಡ. "ಆ ಕಲೆ ಅಲ್ಲ ಕಣ್ರಯ್ಯಾ. ಇದು ಬ್ಯಾರೆ. ನೋಡ್ದೋರು ಉಸ್ರು ಬಿಡಾದು ಮರೀಬೇಕು, ಅಂಥಾದ್ದು" ಎಂದ. ಅಲ್ಲಿಯವರೆಗೆ ನಮ್ಮೂರಿನಲ್ಲಿ ಆ ಮಾತಿಗೆ ಒಂದೇ ಅರ್ಥ ಇತ್ತು. ಅವತ್ತಿನಿಂದ ನನ್ನ ಕಿವಿಗೆ ಮಾತ್ರ ಹೊಸ ಅರ್ಥವೇ ಕೇಳತೊಡಗಿತು. ಕೂತರೂ ಕಲೆ, ನಿಂತರೂ ಕಲೆ.

ರುದ್ರಪ್ಪಣ್ಣ ಊರೆಲ್ಲ ಸುತ್ತಿ ಕೊನೆಗೆ ನನ್ನ ಗಂಡನನ್ನೇ ಆರಿಸಿದ. ನಾನು ಹೆಮ್ಮೆಯಿಂದ ಬೀಗಿದೆ, ಪಾಲಮ್ಮ ಸೀರೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಬ್ಬರೂ ಸೇರಿ ಅವರ ಪ್ರಾಣ ತಿಂದೆವು. ಅವರು ಒಪ್ಪಿದರು. "ಆಗ್ಲಿ, ಆದ್ರೆ ಒಂದೇ ಸಲ ಬಿಚ್ಚಾದು. ಅವ್ವನ ಗೋಡೆಗೂ ಅದೇ, ಪಟ್ಣಕ್ಕೂ ಅದೇ" ಎಂದರು.

ಸ್ಟುಡಿಯೋದ ಸೂರಿನಲ್ಲಿ ಬಡಗಣ ಕಡೆಗೆ ಗಾಜಿನ ಹಂಚು ಹಾಕಿಸಿದ್ದರು. ತೆಳುವಾದ ಮಲ್ಲು ಬಟ್ಟೆ ಕಟ್ಟಿ ಬೆಳಕನ್ನು ಸೋಸಿ ಬಿಡುವುದು. ಎದುರಿಗೆ ಬಿಳಿ ಪಂಚೆ ಅಗಲಿಸಿ ಹಿಡಿದು, ನೆರಳಿನ ಕಡೆಗೂ ಚೂರು ಬೆಳಕು ತಿರುಗಿಸುವುದು ನನ್ನ ಕೆಲಸ. ನನ್ನ ಗಂಡ ಸುಣ್ಣದ ಕಲ್ಲಿನ ದಿಂಡಿನ ಮೇಲೆ ನಮಗೆ ಬೆನ್ನು ಮಾಡಿ ಕೂತರು. "ಓಬಯ್ಯ, ಹೊಟ್ಟೆ ಒಳಕ್ಕೆ ಎಳ್ಕಬ್ಯಾಡ, ಯಾರೂ ಹೆಣ್ಣು ಕೊಡಾಕೆ ಬಂದಿಲ್ಲ" ಎಂದು ರುದ್ರಪ್ಪಣ್ಣ ರೇಗಿಸಿದ. ಅವರ ಹೆಗಲು ನಗುವಿನಿಂದ ಕುಲುಕಿತು, ಆಮೇಲೆ ಸಡಿಲವಾಯಿತು. ಒಂದು ಮೊಣಕಾಲು ಮಡಿಸಿ, ಅದರ ಮೇಲೆ ಕೈಯಿಟ್ಟು, ತಲೆ ಬಾಗಿಸಿದರು. ಬೆಳಕು ಕುತ್ತಿಗೆಯಿಂದ ಇಳಿದು, ಎರಡು ಹೆಗಲ ಮೇಲೆ ಹಂಚಿಕೊಂಡು, ಬೆನ್ನಹುರಿಯ ಕಾಲುವೆಯಲ್ಲಿ ಹರಿದು ಸೊಂಟದ ಹತ್ತಿರ ನಿಂತಿತು. ಹನ್ನೆರಡು ವರ್ಷ ಸಂಸಾರ ಮಾಡಿದ ಮೈ ಅದು. ಬೆಳಕಿನಲ್ಲಿ ಇಡಿಯಾಗಿ ನೋಡಿದ್ದು ಅದೇ ಮೊದಲು. ಇಷ್ಟು ಚೆಲುವಾದ ಗಂಡಸು ದಿನಾ ನನ್ನ ಮನೆಯಲ್ಲಿ ಮುದ್ದೆ ಮುರಿಯುತ್ತಿದ್ದನೆ ಎಂದು ಪಂಚೆಯ ಅಂಚಿನಿಂದ ಇಣುಕಿ ಮತ್ತೆ ನೋಡಿದೆ. ನೋಡಿ, ಆ ಗಳಿಗೆಯನ್ನು ಹೇಳುವಾಗ ಬಾಯಿ ತಪ್ಪಿ ಏಕವಚನ ಬಂತು. ಅದನ್ನು ನೀವು ಕೇಳಿಸಿಕೊಳ್ಳಲಿಲ್ಲ ಎಂದುಕೊಳ್ಳಿ.

ಪಟ ತೆಗೆದದ್ದಾಯಿತು. ಅವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, ನನ್ನ ಮುಖ ನೋಡದೆ, "ಏಯ್, ಪಟದಾಗೆ ಕಲೆ ಇರ್ಲಿ ಕಣೆ. ಮರ್ತೀಯ" ಎಂದರು.

ಪಟ್ಟಣದ ಕಾಗದದ ಮಾತು ಇವರಿಗೂ ಹತ್ತಿತಲ್ಲ ಎಂದು ನನಗೆ ಖುಷಿಯೋ ಖುಷಿ. "ಇರ್ದೆ ಏನು? ನನ್ನ ಕೈಗೆ ಬಿಡು" ಎಂದೆ.

ಮೂರು ದಿನ ಆ ಗಾಜಿನ ಮೇಲೆ ಬಗ್ಗಿದ್ದೆ. ಮೊದಲು ಧೂಳು ತೆಗೆದೆ. ಆಮೇಲೆ ಮೊಣಕೈಯ ಕಪ್ಪು ಗಂಟು ಕಣ್ಣಿಗೆ ಚುಚ್ಚಿತು, ಅದನ್ನು ತಿದ್ದಿದೆ. ಹಿಮ್ಮಡಿಯ ಸೀಳು ತುಂಬಿದೆ. ಪಕ್ಕೆಯಲ್ಲಿ ಏಣಿ ತರಚಿದ ಗೆರೆ ಹೋಯಿತು. ಪ್ರತಿ ಸಲವೂ ಮೈ ಇನ್ನಷ್ಟು ಬೆಳಗುತ್ತಿತ್ತು, ಪ್ರತಿ ಸಲವೂ ಇನ್ನೊಂದು ಕೊರತೆ ಕಾಣುತ್ತಿತ್ತು. ಕೊನೆಗೆ ಉಳಿದದ್ದು ಎಡ ಹೆಗಲಿನ ಕೆಳಗಿನದು. ಬೆಳಕು ಅಲ್ಲಿಗೆ ಬಂದು ಎಡವಿ ಬೀಳುತ್ತಿತ್ತು. ಗುರುತಿನ ಪಟದ ಕಟ್ಟಳೆ ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ನೆನಪಾಯಿತು. ಆದರೆ ಅವರೇ ಹೇಳಿದ್ದಾರಲ್ಲ, ಕಲೆ ಇರಲಿ ಎಂದು. ರುದ್ರಪ್ಪಣ್ಣನನ್ನು ಕೇಳಿದೆ. "ಓಬಯ್ಯ ಒಪ್ಪಿದ್ರೆ ನಿಂಗೆ ತಿಳಿದಂಗೆ ಮಾಡವ್ವ" ಎಂದ. ಹೊಸ ಬ್ಲೇಡು ತೆಗೆದುಕೊಂಡೆ. ನನಗಾಗಿ ಬೆಂದ ಚರ್ಮವನ್ನು ಎಳೆ ಎಳೆಯಾಗಿ ನಾನೇ ಕೆರೆದು ತೆಗೆದೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದಿಲ್ಲ. ಕೆರೆದ ಜಾಗ ಎಲ್ಲಿ ಎಂದು ರುದ್ರಪ್ಪಣ್ಣನ ಭೂತಗನ್ನಡಿಗೂ ಗೊತ್ತಾಗಲಿಲ್ಲ.

ನೆಗೆಟಿವ್‌ಗೆ ವಾರ್ನಿಷ್ ಹಚ್ಚಿ ಎರಡು ದೊಡ್ಡ ಪ್ರಿಂಟ್ ಹಾಕಿದೆವು. ಒಂದು ಪಟ್ಟಣಕ್ಕೆ ಹೋಯಿತು. ಇನ್ನೊಂದನ್ನು ಕಟ್ಟು ಹಾಕಿಸಿ, ಬಟ್ಟೆ ಮುಚ್ಚಿ ಮನೆಗೆ ತಂದೆ. ಪಾಲಮ್ಮ ಮಗಳ ಊರಿಗೆ ಹೋಗಿದ್ದಳು. ನನ್ನ ಗಂಡ ಊಟ ಮುಗಿಸಿ ಕೈ ತೊಳೆದು ಬಂದರು. ಬಟ್ಟೆ ಸರಿಸಿದೆ. ಅವರು ಹಿಮ್ಮಡಿಯಿಂದ ನೋಡುತ್ತಾ ಮೇಲೆ ಬಂದರು.

"ಯಾರೇ ಇವ್ನು?" ಎಂದರು ಕೊನೆಗೆ, ನಗುತ್ತಾ. "ಚೆನ್ನಾಗವ್ನೆ. ನನಗಿಂತ ಚೆನ್ನಾಗವ್ನೆ."

"ನೀನೇ ಅಲ್ವೇನು. ಕಲೆ ಇರ್ಲಿ ಅಂದ್ಯಲ್ಲ, ಇಟ್ಟಿದೀನಿ. ಯಾರೂ ಇಂಥಾದ್ದು ನೋಡಿಲ್ಲ ಅಂತ ರುದ್ರಪ್ಪಣ್ಣನೇ ಅಂದ" ಎಂದೆ.

ಅವರ ನಗು ಅರ್ಧಕ್ಕೆ ನಿಂತಿತು. "ನಾನು ಅದನ್ನಲ್ಲ ಕಣೆ ಹೇಳಿದ್ದು. ಇದನ್ನ" ಎಂದು ಬಲಗೈಯನ್ನು ಹೆಗಲ ಮೇಲಿಂದ ಹಿಂದಕ್ಕೆ ಹಾಕಿದರು. ಬೆರಳು ಅಲ್ಲಿಗೆ ಎಟುಕಲಿಲ್ಲ. ಎಡಗೈಯನ್ನು ಕೆಳಗಿನಿಂದ ತಿರುಗಿಸಿ ನೋಡಿದರು, ಅದೂ ಎಟುಕಲಿಲ್ಲ. ತಮ್ಮ ಬೆನ್ನು ತಮಗೆ ಕಾಣುವುದಿಲ್ಲ ಎನ್ನುವುದು ಅವರಿಗೆ ಆಗಲೇ ಹೊಳೆದಿರಬೇಕು. "ಇದಿಲ್ದಿದ್ರೆ ನೀನು ನನ್ನ ಹೆಂಗೆ ಗುರುತು ಹಿಡೀತೀಯೆ?" ಎಂದು ಕೇಳಿದರು.

ಅವತ್ತು ನಾನು ಅತ್ತಿದ್ದರೆ, ತಪ್ಪಾಯಿತು ಎಂದಿದ್ದರೆ, ಎಳೆದುಕೊಂಡು ಹೋಗಿ ಮಾರನೆಯ ದಿನವೇ ಇನ್ನೊಂದು ಪಟ ತೆಗೆಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನನಗೆ ಬಂದದ್ದು ಸಿಟ್ಟು. ಮೂರು ದಿನ ಕಣ್ಣು ಕಳೆದುಕೊಂಡದ್ದಕ್ಕೆ ಇದೇ ಮೆಚ್ಚಿಗೆಯೆ ಎಂದು ಮುಖ ಊದಿಸಿಕೊಂಡು ಕೂತೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದೂ ಅಂದೆ, ಕೇಳಿಸುವ ಹಾಗೆ. ಅವರೇ ಸಮಾಧಾನ ಮಾಡಿದರು. "ಆಗ್ಲಿ ಬಿಡು, ಮುನಿಸ್ಕಬ್ಯಾಡ. ಈ ಭಟ್ಟಿ ಇಳಿಸಿದ್ ಮ್ಯಾಲೆ ಇನ್ನೊಂದು ತೆಗೆಸಾನ. ಎರಡನೇ ಸಲ ನಾಚ್ಕೆ ಆಗಾಕಿಲ್ಲ" ಎಂದರು. ಆ ಭಟ್ಟಿ ಇಳಿಯುವುದಕ್ಕೆ ಇನ್ನು ಒಂಬತ್ತು ದಿನವಿತ್ತು.

ಎಂಟನೇ ದಿನ ಭಟ್ಟಿಯ ಮಗ್ಗುಲ ಗೋಡೆ ಕುಸಿಯಿತು. ಬಿಸಿ ಸುಣ್ಣದಡಿ ಸಿಕ್ಕಿದವರು ಇವರೊಬ್ಬರೇ. ಹಸಿ ಬಟ್ಟೆಯಲ್ಲಿ ಸುತ್ತಿ ತಂದರು, ಮುಖ ಮಾತ್ರ ಹೇಗೋ ಉಳಿದಿತ್ತು. ಮೈ ಬಿಚ್ಚಬೇಡ ತಾಯಿ ಎಂದು ನಾಲ್ಕು ಜನ ನನ್ನನ್ನು ಹಿಡಿದುಕೊಂಡರು. ಸತ್ತವರ ಮೈ ಈ ಊರಿನಲ್ಲಿ ಪಟದಲ್ಲಿ ಮೂಡುವುದಿಲ್ಲ. ಮೂಡುವಂತಿದ್ದರೆ ರುದ್ರಪ್ಪಣ್ಣನ ಕಾಲು ಹಿಡಿದಾದರೂ ಎಳೆದು ತರುತ್ತಿದ್ದೆ.

ಹತ್ತು ದಿನ ಮುಖ ಇತ್ತು. ಮದುವೆಯ ಪಟವನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟೆ. ಹನ್ನೊಂದನೇ ದಿನ ಬೆಳಿಗ್ಗೆ ಒಲೆ ಹೊತ್ತಿಸಿ ಬಂದು ನೋಡುತ್ತೇನೆ, ಪಟದೊಳಗೆ ನನ್ನ ಪಕ್ಕದಲ್ಲಿ ರುಮಾಲು ಇದೆ, ಅಂಗಿಯ ಕಾಲರ್ ಇದೆ, ನಡುವೆ ಸ್ಟುಡಿಯೋದ ಪರದೆಯ ಹೂವು ಕಾಣುತ್ತಿದೆ. ಕಣ್ಣು ಮುಚ್ಚಿ ನೆನೆಸಿಕೊಂಡೆ. ಮೂಗು ಎಂಬ ಮಾತು ಸಿಕ್ಕಿತು, ಮೂಗು ಸಿಗಲಿಲ್ಲ.

ಹನ್ನೆರಡನೇ ದಿನ ಕೇರಿಯ ಹೆಂಗಸರೆಲ್ಲ ಬಂದು ನಡುಮನೆಯಲ್ಲಿ ಕೂತರು. ಪಟದ ಬಟ್ಟೆ ಸರಿಸಿದರು. ಅಷ್ಟು ಚೆಂದದ ಪಟ ಅವರು ಯಾರೂ ನೋಡಿರಲಿಲ್ಲ. ಅಯ್ಯೋ ನನ್ನಪ್ಪಾ ಎಂದು ಒಬ್ಬಳು ಮೆಲ್ಲಗೆ ಅಂದಳು. ಕೂಗುವುದಕ್ಕೆ ಮೊದಲು ಗುರುತು ಹುಡುಕಿಕೊಡುವುದು ಹೆತ್ತವಳ ಪಾಲು. ಪಾಲಮ್ಮ ಮೊದಲ ಸಲ ಆ ಪಟದ ಮುಂದೆ ನಿಂತಳು. ಹಿಮ್ಮಡಿ ನೋಡಿದಳು, ಬೆರಳಲ್ಲಿ ಒರೆಸಿ ಮತ್ತೆ ನೋಡಿದಳು. ಪಕ್ಕೆ ನೋಡಿದಳು. ಎಡ ಹೆಗಲಿನ ಕೆಳಗೆ ಅಂಗೈಯಿಟ್ಟು ಗಾಜನ್ನು ಸವರಿದಳು. ಆಮೇಲೆ ನನ್ನ ಕಡೆಗೆ ತಿರುಗಿದಳು.

"ಇದು ನನ್ನ ಮಗ ಅಲ್ಲ ಕಣವ್ವ" ಎಂದಳು. ಬೈಯಲಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ನನ್ನ ಮಗನ ಮೈಯಾಗೆ ನಲವತ್ತು ವರ್ಷ ಇತ್ತು. ಇದ್ರಾಗೆ ಒಂದು ದಿನಾನೂ ಇಲ್ಲ."

ನನ್ನನ್ನು ಮುಂದೆ ತಳ್ಳಿದರು. ಬೆರಳೆತ್ತಿದೆ. ಎಲ್ಲಿಡಲಿ? ಎಲ್ಲಿಟ್ಟರೂ ಬೆಳಕು. ಆ ಬೆಳಕು ಹಾಕಿದವಳು ನಾನೇ, ಕಲೆ ಎಲ್ಲಿತ್ತೆಂದು ನನಗೆ ಗೊತ್ತಿತ್ತು. ಇಲ್ಲೇ ಎಲ್ಲೋ ಎಂದು ಸುಳ್ಳು ಹೇಳಿ ಬೆರಳಿಟ್ಟು ಕೂಗಬಹುದಿತ್ತು, ಕೇರಿಯವರು ಒಪ್ಪುತ್ತಿದ್ದರೇನೋ. ಆದರೆ ಪಟದಲ್ಲಿ ಕೂತ ಆ ನುಣುಪು ಮೈಯವರು ಯಾರು ಎಂದು ನನಗೇ ಖಾತ್ರಿಯಿರಲಿಲ್ಲ. ಬಾಯಿ ಬರಲಿಲ್ಲ. ಹೊತ್ತು ಮುಳುಗುವವರೆಗೂ ಕಾದು ಹೆಂಗಸರು ಎದ್ದು ಹೋದರು. ಹೋಗುವಾಗ ಒಬ್ಬಳು, "ಅವ್ರು ಒಳ್ಳೇರು ಬಿಡಮ್ಮ" ಎಂದಳು. ಅವರು ಎಂಬ ಮಾತು ನಮ್ಮ ಮನೆಗೆ ಬಂದದ್ದು ಹೀಗೆ. ಅದಾದ ಮೇಲೆ ಪಾಲಮ್ಮನೂ ಹಾಗೇ ಅಂದಳು. ಹುರುಳಿ ಸಾರು ಮಾಡಿದ ದಿನ, "ಅವ್ರಿಗೆ ಇದಂದ್ರೆ ಪ್ರಾಣ" ಎಂದು ತಟ್ಟೆ ನೋಡುತ್ತಾ ಹೇಳುವಳು. ಹೆತ್ತ ಮಗನನ್ನು ಬಹುವಚನದಲ್ಲಿ ನೆನೆಯುತ್ತಾ ಎರಡು ವರ್ಷ ಇದ್ದು ಹೋದಳು. ಅವಳ ಮುಖ ನನಗೆ ಚೆನ್ನಾಗಿ ನೆನಪಿದೆ, ಅದು ಇನ್ನೊಂದು ಶಿಕ್ಷೆ.

ಪಟ್ಟಣದ ಕಾಗದ ಬಂದದ್ದು ಅದೇ ವಾರ. ರುದ್ರಪ್ಪಣ್ಣ ಓದಲೋ ಬೇಡವೋ ಎನ್ನುತ್ತಾ ಓದಿದ. ಈ ಬೆನ್ನಿನ ಮುಂದೆ ಜನ ಸಾಲುಗಟ್ಟಿ ನಿಲ್ಲುತ್ತಿದ್ದಾರೆ, ಒಂದೂ ಊನವಿಲ್ಲದ ಮೈ, ಇದೇ ನಿಜವಾದ ಕಲೆ ಎಂದಿತ್ತು. ದೂರದ ಬೆಟ್ಟ ನುಣ್ಣಗೆ. ದೂರದವರು ಅವರು, ಅವರಿಗೆ ನುಣ್ಣಗೆ ಕಂಡದ್ದರಲ್ಲಿ ತಪ್ಪೇನಿಲ್ಲ. ಹತ್ತಿರದವಳು ನಾನು, ನಾನೇಕೆ ನುಣ್ಣಗೆ ಮಾಡಿದೆ?

ಆಮೇಲೆ ಎಷ್ಟೋ ತಿಂಗಳು ಆ ಕಲೆಯನ್ನು ಮತ್ತೆ ಬರೆಯುವುದಕ್ಕೆ ಒದ್ದಾಡಿದೆ. ಸಣ್ಣ ಸಣ್ಣ ಪ್ರಿಂಟ್ ಹಾಕಿಸಿಕೊಂಡು ಬ್ರಷ್ಷಿನಲ್ಲಿ ಬಿಳಿ ಹಚ್ಚಿದೆ. ಒಂದು ಸಲ ಎಲೆಯಂತೆ ಬಂತು, ಒಂದು ಸಲ ಹರಿದ ರೊಟ್ಟಿಯಂತೆ ಬಂತು. ಮೂವತ್ತು ಬರೆದಿರಬಹುದು, ಒಂದೂ ಅದಲ್ಲ. ಮೈಯ ನೆನಪು ಹೋಗುವುದಿಲ್ಲ ಎನ್ನುವುದು ಈ ಊರಿನ ನಿಯಮ, ನನ್ನದೂ ಹೋಗಿಲ್ಲ. ಆದರೆ ಅದು ಅಂಗೈಯಲ್ಲಿದೆ, ಕಣ್ಣಿನಲ್ಲಿಲ್ಲ. ಬೆಣ್ಣೆ ಹಚ್ಚುವಾಗ ಮುಖ ತಿರುಗಿಸಿಕೊಂಡಿದ್ದೆನಲ್ಲ. ಬ್ಲೇಡು ಹಿಡಿದಾಗ ನೋಡಿದ್ದೆ, ನಿಜ, ಆಗ ತೆಗೆಯಬೇಕಾದದ್ದು ಎಂದು ನೋಡಿದ್ದೆ. ಹಾಗೆ ನೋಡಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ.

ಮಾರಕ್ಕ ಬಂದದ್ದು ಹೋದ ವರ್ಷ. ಅವಳ ಗಂಡ ಹಾಲಪ್ಪ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು, ಭಟ್ಟಿಯ ಕಡೆ ತಲೆ ಹಾಕಿದವನಲ್ಲ. ಕೆರೆಯಲ್ಲಿ ಕಾಲು ಜಾರಿ ಹೋದಾಗ ಅವನದು ಗುರುತಿನ ಪಟವೇ ಇರಲಿಲ್ಲ. ಹತ್ತು ವರ್ಷದಿಂದ ಅವಳು ಖಾಲಿ ಗೋಡೆಗೆ ದೀಪ ಹಚ್ಚುತ್ತಿದ್ದಳು. ನಮ್ಮ ನಡುಮನೆಯಲ್ಲಿ ಕೂತು, ನೀರು ಕುಡಿದು, ಪಟವನ್ನೇ ನೋಡಿದಳು. ಆಮೇಲೆ ಎದ್ದು ಹತ್ತಿರ ಹೋದಳು.

"ತಪ್ಪು ತಿಳ್ಕಬ್ಯಾಡಕ್ಕ" ಎಂದಳು. "ನಮ್ಮೋರ ಬೆನ್ನು ಹಿಂಗೇ ಇತ್ತು. ಇಲ್ಲಿ ಏನೂ ಇರ್ಲಿಲ್ಲ." ಎಡ ಹೆಗಲಿನ ಕೆಳಗೆ, ಸರಿಯಾಗಿ ಅಲ್ಲಿಗೇ, ಬೆರಳಿಟ್ಟಳು. "ಏನೂ ಇರ್ಲಿಲ್ಲ ಅನ್ನಾದೇ ನನಗೆ ಗೊತ್ತಿರಾ ಗುರುತು. ಒಂದು ಸಲ ಕೂಗ್ಲಾ?"

ಬೇಡ ಎನ್ನುವ ಹಕ್ಕು ನನಗೆ ಎಲ್ಲಿತ್ತು? "ಕೂಗು" ಎಂದೆ.

"ಲೋ ಹಾಲಪ್ಪ" ಎಂದಳು. "ಲೋ ಹಾಲಪ್ಪ, ಬಾರೋ" ಎಂದಳು. ಮೂರನೆಯದು ಅಳುವಿನಲ್ಲಿ ಬಂತು. ಹತ್ತು ವರ್ಷದ ಮೇಲೆ ಗಂಡನನ್ನು ಏಕವಚನದಲ್ಲಿ ಕರೆದ ಹೆಂಗಸಿನ ಮುಖ ಹೇಗಾಗುತ್ತದೆ ಎಂದು ನಾನು ಅವತ್ತು ನೋಡಿದೆ. ನನಗೆ ಹೊಟ್ಟೆಕಿಚ್ಚಾಯಿತು, ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಆದರೂ ಮೊಳೆಯಿಂದ ಪಟ ಇಳಿಸಿ ಅವಳ ಕೈಗೆ ಕೊಟ್ಟೆ. ಅವಳಿಗೆ ಗಂಡ ಸಿಕ್ಕಿದ್ದ. ನನ್ನ ಗೋಡೆಯಲ್ಲಿ ಅವರು ಬರೀ ಬೆಳಕಾಗಿ ಕೂತಿದ್ದರು.

ಸಂಗತಿ ತಿಳಿದ ರುದ್ರಪ್ಪಣ್ಣ ಓಡಿ ಬಂದ. "ನೆಗೆಟಿವ್ ನನ್ನತ್ರ ಐತಲ್ಲವ್ವ, ನಾಳೀಕೆ ಇನ್ನೊಂದು ಪ್ರಿಂಟ್ ಹಾಕ್ಕೊಡ್ತೀನಿ" ಎಂದ.

"ಬ್ಯಾಡಣ್ಣ" ಎಂದೆ. "ಅದ್ರಾಗೂ ಹಾಲಪ್ಪನೇ ಬಂದ್ರೆ ಏನು ಮಾಡ್ಲಿ?" ಅವನು ತಲೆ ಕೆರೆದುಕೊಂಡು ಹೊರಟುಹೋದ.

ಈಗ ನಡುಮನೆಯಲ್ಲಿ ಮೊಳೆ ಇದೆ, ಅದರ ಕೆಳಗೆ ಪಟದಗಲ ಗೋಡೆ ಇದೆ. ಪಟದ ಹಿಂದೆ ಇಷ್ಟು ವರ್ಷ ಗಾಳಿಯಾಡದೆ ಅಲ್ಲಿ ಸುಣ್ಣ ಹೊಪ್ಪಳಿಕೆ ಎದ್ದಿದೆ. ನಿನ್ನೆ ಮಧ್ಯಾಹ್ನ ಜೇಡ ತೆಗೆಯುವುದಕ್ಕೆಂದು ಪೊರಕೆ ಹಿಡಿದು ಹೋದೆ. ಆಯ ತಪ್ಪಿ ಕೈ ಗೋಡೆಗೆ ಊರಿತು. ಅಂಗೈಯಗಲ, ಉಬ್ಬುಬ್ಬು, ನಡುವೆ ಒಂದಿಷ್ಟು ನುಣುಪು, ಕೆಳಗೆ ಮತ್ತೆ ಒರಟು. ನನ್ನ ಅಂಗೈಗೆ ತಕ್ಷಣ ಗೊತ್ತಾಯಿತು. ಹಿಂದಿನ ಹಾಗೇ ಮುಖ ಬೇರೆ ಕಡೆ ತಿರುಗಿಸಿಕೊಂಡೆ, ಮೆತ್ತಗೆ ಸವರಿದೆ. ಇದ್ದರು. ಅಲ್ಲೇ ಇದ್ದರು, ಗೋಡೆಯ ಕಡೆ ಮುಖ ಮಾಡಿ ಮಲಗಿದ ಹಾಗೆ. ಮನೆಯಲ್ಲಿ ಯಾರೂ ಇರಲಿಲ್ಲ, ಕಟ್ಟಳೆ ಹೇಳುವವರು ಯಾರೂ ಇರಲಿಲ್ಲ. ಓಬಯ್ಯ, ಬಾರೋ ಎಂದು ಕರೆಯಬೇಕೆಂದು ಬಾಯಿ ತೆರೆದೆ.

"ಬನ್ನಿ" ಎಂದೇ ಬಂತು.